ಚಿಕ್ಕಂದಿನ ಮಾಯಾ ಕಥೆ ನಿಮ್ಮೊಳಗೆ ಏನು ಉಳಿಸಿದೆ ಅಂತ ಹುಡುಕೋದು ಹೇಗೆ

ಚಂದಮಾಮ, ಬಾಲಮಿತ್ರ ಓದ್ಕೊಂಡು ಬೆಳೆದೋರು, ರಾಕ್ಷಸನ ಜೀವ ಏಳು ಸಮುದ್ರದ ಆಚೆ ಗಿಳಿಯೊಳಗಿದೆ ಅಂತ ಅಜ್ಜಿ ಹೇಳಿದ್ದನ್ನ ಕೇಳ್ತಾ ನಿದ್ದೆ ಹೋದೋರು, ಒಂದ್ಸಲ ಇದನ್ನ ಮಾಡಿ ನೋಡಿ. ನಮಗೆ ಯಾವುದು ಸರಿ ಅನ್ಸುತ್ತೆ, ಯಾವುದಕ್ಕೆ ಸಿಟ್ಟು ಬರುತ್ತೆ ಅನ್ನೋದ್ರಲ್ಲಿ ಆ ಕಥೆಗಳ ಪಾಲು ದೊಡ್ಡದು ಅಂತ ನನ್ನ ಗಟ್ಟಿ ನಂಬಿಕೆ.

ಮೊದಲು ಒಂದೇ ಒಂದು ಕಥೆ ಆರಿಸ್ಕೊಳ್ಳಿ, ತಟ್ಟನೆ ನೆನಪಿಗೆ ಬಂದಿದ್ದೇ ಸಾಕು. ಪುಸ್ತಕ ತೆಗೀಬೇಡಿ, ಗೂಗಲ್ ಮಾಡ್ಬೇಡಿ, ನೆನಪಿರೋಷ್ಟನ್ನ ನಿಮ್ಮ ಮಾತಲ್ಲೇ ಬರೀರಿ ಇಲ್ಲಾ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಕೊನೆಯ ನೀತಿ ಬಿಟ್ಹಾಕಿ, ಯಾವ ಜಾಗಕ್ಕೆ ಬಂದಾಗ ಮಾತು ಉದ್ದ ಆಗುತ್ತೆ ಅಂತ ಗಮನಿಸಿ.

ನನಗೆ ಅದು ವಿಕ್ರಮ ಬೇತಾಳ. ಒಳಗಿನ ಕಥೆಗಳು ಎಷ್ಟೋ ಮರೆತೇ ಹೋಗಿವೆ, ಆದ್ರೆ ಚಂದಮಾಮದ ಚಿತ್ರಕಾರ ಶಂಕರ್ ಅವರು ಬಿಡಿಸಿದ ಆ ಚಿತ್ರ, ಹೆಗಲ ಮೇಲೆ ಹೆಣ ಕೈಯಲ್ಲಿ ಕತ್ತಿ, ಮತ್ತೆ ಬೇತಾಳ ಹಾಕೋ ಷರತ್ತು ಹಾಗೇ ಇದೆ. ಉತ್ತರ ಗೊತ್ತಿದ್ದೂ ಹೇಳದಿದ್ರೆ ತಲೆ ಸಾವಿರ ಹೋಳು, ಬಾಯಿ ಬಿಟ್ರೆ ಮೌನ ಮುರಿದು ಬೇತಾಳ ವಾಪಸ್ ಮರಕ್ಕೆ. ರಾಜ ಪ್ರತಿಸಲ ಬಾಯಿ ಬಿಡ್ತಾನೆ, ಮಾಡಿದ ಕೆಲಸ ಎಲ್ಲಾ ನೀರಲ್ಲಿ ಹೋಮ, ಆದ್ರೂ ಬೇಜಾರಿಲ್ದೆ ತಿರುಗಿ ಮರದ ಹತ್ರ ಹೋಗ್ತಾನೆ. ಮೀಟಿಂಗಲ್ಲಿ ಲೆಕ್ಕ ತಪ್ಪಿದೆ ಅಂತ ಕಂಡ್ರೆ ಇವತ್ತಿಗೂ ನನಗೆ ಸುಮ್ನೆ ಕೂರೋಕಾಗಲ್ಲ, ಅದರ ಬೇರು ಇಲ್ಲೇ ಇದೆ.

ಆಮೇಲೆ ಯಾರ ಪಕ್ಕ ನಿಂತಿದ್ರಿ ಅಂತ ಕೇಳ್ಕೊಳ್ಳಿ. ಪುಣ್ಯಕೋಟಿ ಕಥೆ ಎಲ್ಲರೂ ಕೇಳಿರ್ತೀವಿ, ಆದ್ರೆ ಒಬ್ಬರಿಗೆ ಕೊಟ್ಟ ಮಾತಿಗೆ ವಾಪಸ್ ಬಂದ ಹಸು ಮುಖ್ಯ, ಇನ್ನೊಬ್ಬರಿಗೆ ದೊಡ್ಡಿಯಲ್ಲಿ ಒಂಟಿಯಾಗೋ ಕರು, ಕೆಲವರಿಗೆ ನಾಚಿಕೊಂಡು ಪ್ರಾಣ ಬಿಟ್ಟ ಹುಲಿ. ಕರುವಿನ ಪಕ್ಕ ನಿಂತೋರು ದೊಡ್ಡವರಾದ ಮೇಲೂ ಯಾವುದೇ ಜಗಳದಲ್ಲಿ ಮಕ್ಕಳ ಗತಿ ಏನು ಅಂತಾನೇ ಮೊದಲು ಕೇಳೋದನ್ನ ನಾನು ನೋಡಿದೀನಿ.

ಇದೆಲ್ಲ ಆದ್ಮೇಲೆ ಮೂಲ ಓದಿ, ಈ ಹಂತ ಬಿಡ್ಲೇಬೇಡಿ. ಬೇತಾಳನ ಇಪ್ಪತ್ತೈದು ಕಥೆಗಳು 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿವೆ, ರಾಜನ ಹೆಸರು ಅಲ್ಲಿ ತ್ರಿವಿಕ್ರಮಸೇನ. ಕೊನೇ ಪ್ರಶ್ನೆಗೆ ಅವನಿಗೆ ನಿಜವಾಗ್ಲೂ ಉತ್ತರ ಹೊಳೆಯಲ್ಲ, ಸುಮ್ಮನೆ ನಡೀತಾನೆ, ಬೇತಾಳ ಮೆಚ್ಚಿಕೊಂಡು, ಹೆಣ ತರೋಕೆ ಕಳಿಸಿದ ಸನ್ಯಾಸಿಯ ಮೋಸ ತಿಳಿಸಿ ರಾಜನ ಜೀವ ಉಳಿಸುತ್ತೆ. ಗೊತ್ತಿದ್ರೆ ಹೇಳು ಅನ್ನೋ ಅರ್ಧ ನನ್ನಲ್ಲಿ ಉಳ್ಕೊಂಡಿತ್ತು, ಗೊತ್ತಿಲ್ಲದಾಗ ಸುಮ್ಮನಿರು ಅನ್ನೋ ಇನ್ನರ್ಧ ಈಗ ಸಿಕ್ತು. ನಿಮ್ಮ ಕಥೆಯಲ್ಲೂ ಬಿಟ್ಟುಹೋದ ಭಾಗ ಏನಾದ್ರೂ ಇದ್ದೇ ಇರುತ್ತೆ.

ಬೇಡದ್ದೂ ಕಾಣ್ಸುತ್ತೆ. ರಾಕ್ಷಸ ಅಂದ್ರೆ ಕಪ್ಪು, ರಾಜಕುಮಾರಿ ಅಂದ್ರೆ ಬೆಳ್ಳಗೆ, ಅವಳು ಯಾರೋ ಬಂದು ಬಿಡಿಸೋವರೆಗೂ ಕಾಯ್ತಾ ಕೂರ್ಬೇಕು, ಇದೂ ಆ ಕಥೆಗಳ ಜೊತೆಗೇ ಒಳಗೆ ಬಂದಿದ್ದು. ಹೆಸರಿಟ್ಟು ಬರೆದುಕೊಂಡು ಕೈಬಿಡಿ, ಕಥೆ ಮೇಲಿನ ಪ್ರೀತಿ ಬಿಡೋದೇನೂ ಬೇಡ.

ಮನೇಲಿ ಮಕ್ಕಳಿದ್ರೆ ಅದೇ ಕಥೆ ಅವರಿಗೆ ಹೇಳಿ. ಮುಗಿದ ಮೇಲೆ ನೀತಿ ಏನು ಅಂತ ಕೇಳೋದು ಬೇಡ, ನೀನಾಗಿದ್ರೆ ಏನ್ ಮಾಡ್ತಿದ್ದೆ ಅಂತ ಕೇಳಿ, ಅವರು ಹುಲಿ ಪಕ್ಕ ನಿಂತ್ರೂ ತಿದ್ದೋಕೆ ಹೋಗ್ಬೇಡಿ.