ಸ್ವದೇಶದಲ್ಲೇ ಹಾರೋದಾ, ಹೊರಗೆ ಹೋಗೋದಾ? ಪೈಲಟ್ ಲೆಕ್ಕ ಹಾಕಬೇಕಾದ್ದು ಹೀಗೆ

ಹೊರದೇಶದ ಏರ್‌ಲೈನ್‌ನಿಂದ ಆಫರ್ ಲೆಟರ್ ಬಂದ ದಿನ ಎಲ್ಲರ ಕಣ್ಣು ಮೊದಲು ಹೋಗುವುದು ಸಂಬಳದ ಸಾಲಿಗೆ. ನನ್ನದೂ ಅಲ್ಲಿಗೇ ಹೋಗಿತ್ತು. ಆ ಅಂಕಿಯನ್ನು ಆಗಿನ ಸಂಬಳದ ಪಕ್ಕ ಇಟ್ಟು ನೋಡಿ, ಅವತ್ತು ರಾತ್ರಿಯೇ ಮನಸ್ಸಿನಲ್ಲಿ ಸೂಟ್‌ಕೇಸ್ ಕಟ್ಟಿಬಿಟ್ಟಿದ್ದೆ. ಐದು ವರ್ಷ ಹೊರಗೆ ಹಾರಿ ವಾಪಸ್ ಬಂದ ಮೇಲೆ ಗೊತ್ತಾಯಿತು, ನಾನು ನೋಡಬೇಕಿದ್ದ ಸಾಲು ಆ ಲೆಟರ್‌ನಲ್ಲಿ ಇರಲೇ ಇಲ್ಲ ಅಂತ. ವಾಪಸ್ ಬರುವುದು ಹೇಗೆ, ಬಂದಾಗ ಯಾವ ಸಾಲಿನ ಎಷ್ಟನೇ ಜಾಗದಲ್ಲಿ ನಿಲ್ಲುತ್ತೀರಿ ಅನ್ನುವುದನ್ನು ಯಾವ ಕಂಪನಿಯೂ ಬರೆದುಕೊಡುವುದಿಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು.

ಹೋಗಬೇಡಿ ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಹೋಗಿದ್ದಕ್ಕೆ ನನಗೆ ಬೇಸರವೂ ಇಲ್ಲ. ಲೆಕ್ಕ ತಪ್ಪು ಹಾಕಿದ್ದೆ, ಅಷ್ಟೇ.

ಮೊದಲು ಲಾಗ್‌ಬುಕ್ ತೆಗೆಯಿರಿ

ಹಾರಾಟದ ಲೆಕ್ಕ ಬರೆದಿಡುವ ಆ ಪುಸ್ತಕದಲ್ಲಿ ಈಗ ಎಷ್ಟು ಹಾರಾಟದ ಗಂಟೆ ಇದೆ ಅನ್ನುವುದರ ಮೇಲೆ ಅರ್ಧ ಉತ್ತರ ನಿಂತಿದೆ. ತರಬೇತಿ ಮುಗಿಸಿ 200 ಗಂಟೆ ಹಿಡಿದುಕೊಂಡು ನಿಂತಿದ್ದರೆ ಹೊರಗಿನ ಬಾಗಿಲುಗಳು ಬಹುತೇಕ ಮುಚ್ಚಿವೆ. ಅಮೆರಿಕದಲ್ಲಿ 2013ರಿಂದ ಏರ್‌ಲೈನ್‌ನ ಕೋ-ಪೈಲಟ್ ಸೀಟಿಗೂ ಸಾಮಾನ್ಯವಾಗಿ 1,500 ಗಂಟೆ ಬೇಕು. ಪದವಿ ಓದಿದವರಿಗೆ, ಸೇನೆಯಿಂದ ಬಂದವರಿಗೆ ಸ್ವಲ್ಪ ರಿಯಾಯಿತಿ ಇದೆ. ಯುರೋಪಿನಲ್ಲಿ 200 ಗಂಟೆಯವರನ್ನೂ ತೆಗೆದುಕೊಳ್ಳುತ್ತಾರೆ, ಆದರೆ ಅಲ್ಲಿ ಇದ್ದು ದುಡಿಯುವ ಹಕ್ಕು ನಿಮಗೆ ಮೊದಲೇ ಇರಬೇಕು. ಹೊಸಬನೊಬ್ಬನಿಗಾಗಿ ವೀಸಾ, ಮನೆ, ಟಿಕೆಟ್ ಅಂತ ಯಾರು ತಾನೇ ಖರ್ಚು ಮಾಡುತ್ತಾರೆ?

ಹೊರದೇಶದ ಕಂಪನಿ ನಿಮ್ಮನ್ನು ಕರೆಯುವುದು ಅವರ ಬಳಿ ತಯಾರಾದ ಜನ ಇಲ್ಲದಾಗ ಮಾತ್ರ. ಏರ್‌ಬಸ್ ಎ320 ಅಥವಾ ಬೋಯಿಂಗ್ 737 ಹಾರಿಸುವ ಅರ್ಹತೆ, ಅಂದರೆ ಟೈಪ್ ರೇಟಿಂಗ್, ಅದರ ಮೇಲೆ ಒಳ್ಳೆಯ ಗಂಟೆಗಳು, ಸಾಧ್ಯವಾದರೆ ಕ್ಯಾಪ್ಟನ್ ಸೀಟಿನ ಗಂಟೆಗಳು, ಅವರಿಗೆ ಬೇಕಾಗಿರುವುದು ಇದು. ಹಾಗಾಗಿ ನನ್ನನ್ನು ಕೇಳಿದರೆ, ಕಮಾಂಡ್, ಅಂದರೆ ಕ್ಯಾಪ್ಟನ್ ಹುದ್ದೆ, ಸಿಕ್ಕಿ 500 ಗಂಟೆ ಆಗುವ ತನಕ ಸ್ವದೇಶದಲ್ಲೇ ಇರಿ. ಕೋ-ಪೈಲಟ್ ಆಗಿ ಹೋದರೆ ಒಂದು ಸಾಲಿನ ಮಧ್ಯದಿಂದ ಎದ್ದು ಇನ್ನೊಂದು ಸಾಲಿನ ಕೊನೆಗೆ ಹೋಗಿ ನಿಂತ ಹಾಗೆ. ಕ್ಯಾಪ್ಟನ್ ಗಂಟೆಗಳು ಲಾಗ್‌ಬುಕ್‌ನಲ್ಲಿ ಒಮ್ಮೆ ಬಿದ್ದರೆ ಯಾವ ದೇಶಕ್ಕೆ ಹೋದರೂ ಜೊತೆಗೆ ಬರುತ್ತವೆ.

ಬಾಲದ ಮೇಲಿನ ಅಕ್ಷರ

ಲೈಸೆನ್ಸ್ ವಿಷಯದಲ್ಲಿ ಜನ ಸುಮ್ನೆ ಗೊಂದಲ ಮಾಡಿಕೊಳ್ಳುತ್ತಾರೆ. ನಿಯಮ ಸರಳ. 1944ರ ಷಿಕಾಗೊ ಒಪ್ಪಂದದ ಪ್ರಕಾರ, ವಿಮಾನ ಯಾವ ದೇಶದಲ್ಲಿ ನೋಂದಣಿ ಆಗಿದೆಯೋ ಆ ದೇಶ ಕೊಟ್ಟ ಲೈಸೆನ್ಸ್ ಪೈಲಟ್‌ಗೆ ಇರಬೇಕು, ಇಲ್ಲವೇ ನಿಮ್ಮ ಲೈಸೆನ್ಸ್‌ಗೆ ಆ ದೇಶ ಮಾನ್ಯತೆ ಕೊಟ್ಟಿರಬೇಕು. ವಿಮಾನದ ಹಿಂಭಾಗದಲ್ಲಿ ಎನ್ ಅಂತ ಶುರುವಾಗುವ ನಂಬರ್ ಇದ್ದರೆ ಅಮೆರಿಕದ್ದು, ಜಿ ಇದ್ದರೆ ಬ್ರಿಟನ್‌ದು, ಎ6 ಇದ್ದರೆ ಯುಎಇಯದು. ನೀವು ಯಾವ ದೇಶದವರು, ವಿಮಾನ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ.

ಇದಕ್ಕೆ ಎರಡು ದಾರಿ. ವ್ಯಾಲಿಡೇಶನ್ ಅಂದರೆ ನಿಮ್ಮ ಹಳೆಯ ಲೈಸೆನ್ಸ್ ಮೇಲೆ ಅವರು ಒತ್ತುವ ಮುದ್ರೆ. ಬೇಗ ಸಿಗುತ್ತದೆ, ಆದರೆ ಗಡುವು ಇರುತ್ತದೆ, ಮತ್ತು ಹಿಂದಿರುವ ಮೂಲ ಲೈಸೆನ್ಸ್ ಸತ್ತರೆ ಅದೂ ಸಾಯುತ್ತದೆ. ಕನ್ವರ್ಶನ್ ಅಂದರೆ ಆ ದೇಶದ ಲೈಸೆನ್ಸ್ ಪೂರ್ತಿ ನಿಮ್ಮದೇ ಆಗುವುದು. ಯುರೋಪಿನದ್ದು ಬೇಕು ಅಂದರೆ ಸಾಮಾನ್ಯವಾಗಿ 13 ವಿಷಯಗಳ ಥಿಯರಿ ಪರೀಕ್ಷೆಗೆ ಕೂರಬೇಕು, ಹಾರಾಟ ನಡೆಸುತ್ತಲೇ ಓದಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗೆ ಕಷ್ಟಪಟ್ಟು ಪಡೆದದ್ದೂ ಶಾಶ್ವತ ಅಂತ ಅಂದುಕೊಳ್ಳಬೇಡಿ. ಬ್ರಿಟನ್ ಮತ್ತು ಯುರೋಪ್ ಒಕ್ಕೂಟದ ಲೈಸೆನ್ಸ್‌ಗಳು ವರ್ಷಗಟ್ಟಲೆ ಒಂದೇ ವ್ಯವಸ್ಥೆಯಲ್ಲಿದ್ದವು. 2021ರ ಜನವರಿ 1ರಿಂದ ಬೇರೆ ಬೇರೆಯಾದವು.

ಇಂಗ್ಲಿಷ್ ಮಟ್ಟವನ್ನೂ ನೋಡಿಕೊಳ್ಳಿ. ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ ಅಳತೆಯಲ್ಲಿ 6 ಹಂತ ಇವೆ, ಅಂತರರಾಷ್ಟ್ರೀಯ ಹಾರಾಟಕ್ಕೆ ಕನಿಷ್ಠ 4 ಬೇಕು. 4 ಮತ್ತು 5ಕ್ಕೆ ಮತ್ತೆ ಮತ್ತೆ ಪರೀಕ್ಷೆ ಇರುತ್ತದೆ, 6 ಬಂದರೆ ಆ ತಲೆನೋವು ಮುಗಿಯಿತು.

ಒಂದು ಮಾತು ಮರೆಯಬೇಡಿ: ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಆ ದೇಶದ ಕ್ಲಾಸ್ 1 ಮೆಡಿಕಲ್, ಅಂದರೆ ವಾಣಿಜ್ಯ ಪೈಲಟ್‌ಗೆ ಬೇಕಾದ ಆರೋಗ್ಯ ತಪಾಸಣೆ, ಮಾಡಿಸಿಕೊಳ್ಳಿ. ಒಂದು ದೇಶದ ಡಾಕ್ಟರ್ ತಲೆಯಾಡಿಸಿದ ಇಸಿಜಿಗೆ ಇನ್ನೊಂದು ದೇಶದಲ್ಲಿ ಮೂರು ಹೆಚ್ಚುವರಿ ಪರೀಕ್ಷೆ ಬರೆದುಕೊಡಬಹುದು. ಆ ಮೂರು ಪರೀಕ್ಷೆಗಳ ಫಲಿತಾಂಶಕ್ಕೆ ಕಾಯುವಾಗ ಕೈಯಲ್ಲಿ ಒಂದು ಕೆಲಸ ಇದ್ದರೆ ಒಳ್ಳೆಯದು, ಅಲ್ವಾ?

ದುಡ್ಡನ್ನು ರಾತ್ರಿಗಳಿಂದ ಭಾಗಿಸಿ

ಈಗ ಸಂಬಳಕ್ಕೆ ಬರೋಣ. ಆಫರ್‌ನಲ್ಲಿ ಕಾಣುವ ದೊಡ್ಡ ಅಂಕಿ ಹೇಗೆ ಬಂತು ಅಂತ ಬಿಡಿಸಿ ಕೇಳಿ. ಮೂಲ ಸಂಬಳ ಎಷ್ಟು, ಬ್ಲಾಕ್ ಗಂಟೆಗೆ (ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಮತ್ತೆ ನಿಲ್ಲುವ ತನಕದ ಸಮಯ) ಎಷ್ಟು, ಹಾರಾಟ ಇಲ್ಲದಿದ್ದರೂ ಎಷ್ಟು ಗಂಟೆಯ ದುಡ್ಡು ಖಾತ್ರಿ, ಬೇರೆ ಊರಿನಲ್ಲಿ ತಂಗಿದ್ದಕ್ಕೆ ಕೊಡುವ ಲೇಓವರ್ ಭತ್ಯೆ ಎಷ್ಟು. ತಿಂಗಳಿಗೆ 90 ಗಂಟೆ ಹಾರಿದರೆ ಇಷ್ಟು ಬರುತ್ತದೆ ಅಂತ ತೋರಿಸಿದರೆ ನಂಬಬೇಡಿ. ಯುರೋಪಿನ ನಿಯಮದಲ್ಲಿ 28 ದಿನಕ್ಕೆ 100 ಗಂಟೆ, ಕ್ಯಾಲೆಂಡರ್ ವರ್ಷಕ್ಕೆ 900 ಗಂಟೆ ಮಿತಿ ಇದೆ, ಅಮೆರಿಕದಲ್ಲಿ 365 ದಿನಕ್ಕೆ 1,000. ವರ್ಷಕ್ಕೆ 900 ಅಂದರೆ ತಿಂಗಳಿಗೆ ಸರಾಸರಿ 75. ಪ್ರತಿ ತಿಂಗಳೂ 90 ಹಾರುವುದು ಕಾಗದದ ಮೇಲೆ ಮಾತ್ರ.

ತೆರಿಗೆ ಇಲ್ಲದ ದೇಶ ಅನ್ನುವ ಮಾತನ್ನೂ ಅರ್ಧ ಮಾತ್ರ ಕೇಳಿಸಿಕೊಳ್ಳಿ. ಯುಎಇಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ನಿಮ್ಮ ಸ್ವದೇಶ ಏನು ಹೇಳುತ್ತದೆ? ಅಮೆರಿಕ ತನ್ನ ನಾಗರಿಕರು ಎಲ್ಲಿ ದುಡಿದರೂ ಲೆಕ್ಕ ಕೇಳುತ್ತದೆ. ಇನ್ನು ಹಲವು ದೇಶಗಳಲ್ಲಿ ವರ್ಷಕ್ಕೆ ಎಷ್ಟು ದಿನ ಅಲ್ಲಿ ಇದ್ದಿರಿ ಅನ್ನುವುದು ಮುಖ್ಯ, ಮತ್ತು ಪೈಲಟ್ ಕೆಲಸದಲ್ಲಿ ಆ ದಿನಗಳನ್ನು ಎಣಿಸುವುದೇ ಒಂದು ಕೆಲಸ. ತೆರಿಗೆ ಗೊತ್ತಿರುವವರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಪಿಂಚಣಿ, ಮಕ್ಕಳ ಶಾಲೆಯ ಫೀಸು, ಬಾಡಿಗೆ, ಕೆಲಸ ಬಿಟ್ಟಾಗ ಕೊಡುವ ಗ್ರಾಚ್ಯುಟಿ, ಸಂಬಳ ಯಾವ ಕರೆನ್ಸಿಯಲ್ಲಿ ಅನ್ನುವುದೆಲ್ಲ ಅದೇ ಹಾಳೆಗೆ ಬರಬೇಕು.

ಎಲ್ಲ ಕಳೆದು ಉಳಿದದ್ದನ್ನು ಮನೆಯ ಹೊರಗೆ ಮಲಗಿದ ರಾತ್ರಿಗಳಿಂದ ಭಾಗಿಸಿ. ನನ್ನ ಲೆಕ್ಕ ತೋರಿಸುತ್ತೇನೆ. ಸ್ವದೇಶದಲ್ಲಿ ತಿಂಗಳಿಗೆ ಕೈಗೆ ಬರುತ್ತಿದ್ದದ್ದು 100 ಅಂತ ಇಟ್ಟುಕೊಳ್ಳಿ, ಹೊರಗೆ ಮಲಗುತ್ತಿದ್ದದ್ದು 12 ರಾತ್ರಿ. ಹೊರದೇಶದಲ್ಲಿ 180 ಬರುತ್ತಿತ್ತು, ಆದರೆ ಹೊರಗಿನ ರಾತ್ರಿಗಳು 22. ಭಾಗಿಸಿ ನೋಡಿದರೆ ಮೊದಲನೆಯದು ರಾತ್ರಿಗೆ 8.3, ಎರಡನೆಯದು 8.2. ಹೆಚ್ಚು ಸಂಬಳ ಸಿಕ್ಕಿತು ಅಂತ ಐದು ವರ್ಷ ಅಂದುಕೊಂಡಿದ್ದೆ. ಸಿಕ್ಕಿದ್ದು ಹೆಚ್ಚು ಕೆಲಸ, ಅದೇ ದರಕ್ಕೆ. ಸಾಲ ತೀರಿಸುವ ಅವಸರ ಇದ್ದವರಿಗೆ ಅದೂ ಒಳ್ಳೆಯ ವ್ಯಾಪಾರವೇ. ಗೊತ್ತಿದ್ದು ಮಾಡಬೇಕು ಅಷ್ಟೇ.

ಇಪ್ಪತ್ತು ದಿನ ಕೆಲಸ, ಹತ್ತು ದಿನ ರಜೆ

ಕುಟುಂಬ ಸ್ವದೇಶದಲ್ಲೇ ಇದ್ದು ನೀವು ಹೋಗಿ ಬಂದು ಮಾಡುವ ಕಮ್ಯೂಟಿಂಗ್ ಕಾಂಟ್ರಾಕ್ಟ್ ಕೇಳಲು ಬಹಳ ಚೆಂದ. ಹತ್ತು ದಿನ ರಜೆ! ಒಂದು ಸಲ ಗಡಿಯಾರ ಹಿಡಿದು ಲೆಕ್ಕ ಹಾಕಿ. ಇಪ್ಪತ್ತನೇ ದಿನದ ಕೊನೆಯ ಫ್ಲೈಟ್ ರಾತ್ರಿ ಹನ್ನೊಂದಕ್ಕೆ ಇಳಿಯುತ್ತದೆ. ಮನೆ ಕಡೆಯ ವಿಮಾನ ಮಾರನೇ ಬೆಳಿಗ್ಗೆ, ಅದೂ ಸ್ಟಾಫ್ ಟಿಕೆಟ್, ಸೀಟು ಖಾಲಿ ಇದ್ದರೆ ಮಾತ್ರ. ಗೇಟಿನ ಪಕ್ಕ ನಿಂತು ಪರದೆಯ ಮೇಲೆ ನಿಮ್ಮ ಹೆಸರು ಬರುತ್ತದಾ ಅಂತ ನೋಡುತ್ತೀರಿ, ಬರುವುದಿಲ್ಲ, ಸಂಜೆಯ ವಿಮಾನಕ್ಕೆ ಕಾಯುತ್ತೀರಿ. ಮನೆ ಸೇರುವಾಗ ಮೊದಲ ದಿನ ಹೋಯಿತು. ಎರಡನೇ ದಿನ ಮಧ್ಯಾಹ್ನ ಎರಡರ ತನಕ ನಿದ್ದೆ, ಮನೆಯವರೆಲ್ಲ ಪಿಸುಮಾತಿನಲ್ಲಿ ಓಡಾಡುತ್ತಿರುತ್ತಾರೆ. ಆ ಕಡೆ, ಹತ್ತನೇ ದಿನ ಸೀಟು ಸಿಗದಿದ್ದರೆ ಡ್ಯೂಟಿ ತಪ್ಪುತ್ತದೆ ಅನ್ನುವ ಭಯಕ್ಕೆ ಒಂಬತ್ತನೇ ದಿನವೇ ಹೊರಡುತ್ತೀರಿ. ಉಳಿದದ್ದು ಏಳು ದಿನಕ್ಕಿಂತ ಕಡಿಮೆ. ಹಾಗಾಗಿ ರಜೆಗೆ ಖಾತ್ರಿ ಸೀಟಿನ ಟಿಕೆಟ್ ಕೊಡುತ್ತಾರಾ, ಪ್ರಯಾಣದ ದಿನ ಡ್ಯೂಟಿಯಲ್ಲಿ ಸೇರುತ್ತದಾ ರಜೆಯಲ್ಲಿ ಸೇರುತ್ತದಾ ಅಂತ ಕೇಳಿ, ಉತ್ತರವನ್ನು ಕಾಂಟ್ರಾಕ್ಟ್‌ನಲ್ಲೇ ಬರೆಸಿ.

ಕುಟುಂಬವನ್ನು ಕರೆದುಕೊಂಡು ಹೋಗುವುದಾದರೆ ಕೇಳಬೇಕಾದ್ದು ಬೇರೆ. ಸಂಗಾತಿಗೆ ಅಲ್ಲಿ ಕೆಲಸ ಮಾಡಲು ಅನುಮತಿ ಇದೆಯಾ? ನಿಮ್ಮ ಕೆಲಸ ಹೋದರೆ ಎಷ್ಟು ದಿನದಲ್ಲಿ ಎಲ್ಲರೂ ದೇಶ ಬಿಡಬೇಕು? ಮಗು ಶಾಲೆಯ ವರ್ಷದ ಮಧ್ಯದಲ್ಲಿದ್ದರೆ? 2020ರಲ್ಲಿ ಕೋವಿಡ್‌ನಿಂದ ವಿಮಾನಗಳು ಹಾರದೆ ನೆಲದ ಮೇಲೇ ನಿಂತಾಗ ಹೊರದೇಶದವರ ಕಾಂಟ್ರಾಕ್ಟ್‌ಗಳನ್ನು ಮೊದಲು ಮುಗಿಸಿದ ಕಂಪನಿಗಳಿದ್ದವು. ಕೆಲಸ, ಮನೆ, ವೀಸಾ ಮೂರೂ ಒಂದೇ ಇಮೇಲ್‌ನಲ್ಲಿ ಹೋದವು.

ಸಹಿಗೆ ಮೊದಲು

ಬಾಂಡ್ (ಮೊದಲೇ ಬಿಟ್ಟರೆ ಕಂಪನಿಗೆ ದುಡ್ಡು ಕಟ್ಟಬೇಕು ಅನ್ನುವ ಕರಾರು) ಎಷ್ಟು ವರ್ಷದ್ದು, ತಿಂಗಳು ತಿಂಗಳು ಕರಗುತ್ತದಾ ಅಥವಾ ಕೊನೆಯ ದಿನದ ತನಕ ಪೂರ್ತಿ ನಿಲ್ಲುತ್ತದಾ ನೋಡಿ. ನೋಟಿಸ್ ಅವಧಿ ಎರಡೂ ಕಡೆ ಒಂದೇ ಇರಬೇಕು, ನಿಮಗೆ ಆರು ತಿಂಗಳು, ಅವರಿಗೆ ಒಂದು ತಿಂಗಳು ಅಂತಿದ್ದರೆ ಕೇಳಿ ಬದಲಾಯಿಸಿ. ಕಂಪನಿಯೇ ನೇರ ತೆಗೆದುಕೊಳ್ಳುತ್ತಿದೆಯಾ, ಏಜೆನ್ಸಿ ಮೂಲಕವಾ? ಏಜೆನ್ಸಿ ಆದರೆ ಕಾಯಿಲೆ ಬಿದ್ದಾಗ ಸಂಬಳ ಯಾರು ಕೊಡುತ್ತಾರೆ? ಮೆಡಿಕಲ್ ಹೋದರೆ ಪರಿಹಾರ ಕೊಡುವ ಲಾಸ್ ಆಫ್ ಲೈಸೆನ್ಸ್ ವಿಮೆ ಇಲ್ಲದೆ ಹೊರಡಲೇಬೇಡಿ. ಬೇಸ್, ಅಂದರೆ ನೀವು ಡ್ಯೂಟಿ ಶುರು ಮಾಡುವ ಊರನ್ನು, ಬದಲಾಯಿಸುವ ಅಧಿಕಾರ ಯಾರದ್ದು ಅನ್ನುವ ಸಾಲು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿರುತ್ತದೆ.

ವಾಪಸ್ ಬರುವ ದಾರಿ

ಕಂಪನಿಗೆ ಸೇರಿದ ಕ್ರಮದಲ್ಲಿ ನಂಬರ್ ಕೊಡುವ ಸೀನಿಯಾರಿಟಿ ಪಟ್ಟಿ ಇರುವ ಏರ್‌ಲೈನ್‌ನಲ್ಲಿ ನಿಮ್ಮ ನಂಬರೇ ನಿಮ್ಮ ಆಸ್ತಿ. ಯಾವ ವಿಮಾನ, ಯಾವ ಬೇಸ್, ಯಾವ ರಜೆ, ಯಾವಾಗ ಕ್ಯಾಪ್ಟನ್, ಎಲ್ಲವೂ ಆ ನಂಬರ್‌ನಿಂದ. ಬಿಟ್ಟು ಹೋದರೆ ಅದು ಹೋಯಿತು. ಹತ್ತು ವರ್ಷದ ಅನುಭವದೊಂದಿಗೆ ವಾಪಸ್ ಬಂದರೂ ಮೊನ್ನೆ ಸೇರಿದ ಹುಡುಗನ ಹಿಂದೆ ನಿಲ್ಲುತ್ತೀರಿ. ಅದಕ್ಕೇ ರಾಜೀನಾಮೆಗೆ ಮೊದಲು, ಎರಡು ವರ್ಷ ಸಂಬಳವಿಲ್ಲದ ರಜೆ ಸಿಗುತ್ತದಾ ಅಂತ ಕೇಳಿ ನೋಡಿ. ಕೆಲವು ಕಡೆ ಸಿಗುತ್ತದೆ, ನಂಬರ್ ಹಾಗೇ ಉಳಿಯುತ್ತದೆ. ಕೇಳುವುದಕ್ಕೆ ನಾಚಿಕೆ ಬೇಡ.

ಸ್ವದೇಶದ ಲೈಸೆನ್ಸ್ ಅನ್ನು ಮಾತ್ರ ಜೀವಂತ ಇಟ್ಟುಕೊಳ್ಳಿ. ನಾನು ಎಡವಿದ್ದು ಇಲ್ಲೇ. ದಿನಾ ಹಾರುತ್ತಿದ್ದೇನೆ, ಏನಾಗುತ್ತದೆ ಅಂತ, ಹೊರಗೆ ಏನೂ ಕಾಣದಾಗ ಉಪಕರಣ ನೋಡಿ ಹಾರಿಸುವ ಅರ್ಹತೆಯಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ನವೀಕರಿಸಲಿಲ್ಲ, ಮೆಡಿಕಲ್ ಕೂಡ ಮುಗಿದುಹೋಯಿತು. ವಾಪಸ್ ಬಂದಾಗ ಮೆಡಿಕಲ್, ಸಿಮ್ಯುಲೇಟರ್ ಸ್ಲಾಟ್, ಪರೀಕ್ಷಕರ ಸಮಯ, ಕಡತ ಅಂತ ನಾಲ್ಕು ತಿಂಗಳು ಮನೆಯಲ್ಲಿ ಕೂತೆ. ಪ್ರತಿ ರಜೆಯಲ್ಲೂ ಒಂದು ದಿನ ಇದಕ್ಕೆ ಇಟ್ಟಿದ್ದರೆ ಆ ನಾಲ್ಕು ತಿಂಗಳು ಉಳಿಯುತ್ತಿತ್ತು.

ಇನ್ನೊಂದು, ಹೊರಗಿನ ಕಂಪನಿ ಬಿಡುವಾಗ ಲಾಗ್‌ಬುಕ್‌ಗೆ ಮುದ್ರೆ ಹಾಕಿಸಿ. ಹಾರಾಟದ ಗಂಟೆಗಳ ಪತ್ರ ಮತ್ತು ತರಬೇತಿಯ ದಾಖಲೆಗಳನ್ನು ಕೊನೆಯ ಡ್ಯೂಟಿಗೆ ಮೊದಲೇ ಕೈಗೆ ತೆಗೆದುಕೊಳ್ಳಿ. ಆಮೇಲೆ ಇಮೇಲ್ ಮಾಡಿದರೆ ಉತ್ತರ ಬರಬಹುದು, ಬರದೇ ಇರಬಹುದು, ಕಂಪನಿಯೇ ಮುಚ್ಚಿರಬಹುದು.

ವಯಸ್ಸನ್ನೂ ಹಾಳೆಯ ಮೇಲೆ ಬರೆಯಿರಿ. ಇಬ್ಬರು ಪೈಲಟ್ ಇರುವ ಅಂತರರಾಷ್ಟ್ರೀಯ ವಾಣಿಜ್ಯ ಹಾರಾಟಕ್ಕೆ ಐಸಿಎಒ ಮಿತಿ 65. ಐವತ್ತಕ್ಕೆ ವಾಪಸ್ ಬಂದರೆ ಉಳಿದಿರುವುದು ಹದಿನೈದು ವರ್ಷ, ಅದರಲ್ಲಿ ಪಟ್ಟಿಯ ಕೆಳಗಿನಿಂದ ಕ್ಯಾಪ್ಟನ್ ಸೀಟಿಗೆ ಬರಲು ಎಷ್ಟು ವರ್ಷ ಬೇಕು ಅಂತ ಈಗಿನ ಸಹೋದ್ಯೋಗಿಗಳನ್ನೇ ಕೇಳಿದರೆ ಗೊತ್ತಾಗುತ್ತದೆ.

ಕೊನೆಗೆ ಒಂದು ಫೋನ್ ಮಾಡಿ. ಆ ಏರ್‌ಲೈನ್‌ನಲ್ಲಿ ಈಗ ಇರುವವರಿಗಲ್ಲ, ಅದನ್ನು ಬಿಟ್ಟು ಬಂದವರಿಗೆ. ಈಗ ಇರುವವರು ತಮ್ಮ ನಿರ್ಧಾರ ಸರಿ ಅಂತ ನಿಮಗೆ ಹೇಳುತ್ತಾ ತಮಗೂ ಹೇಳಿಕೊಳ್ಳುತ್ತಿರುತ್ತಾರೆ. ಬಿಟ್ಟು ಬಂದವರನ್ನು ಕೇಳಬೇಕಾದ್ದು ಒಂದೇ: ಕೊನೆಯ ತಿಂಗಳ ಸಂಬಳ, ಗ್ರಾಚ್ಯುಟಿ ಎಷ್ಟು ದಿನಕ್ಕೆ ಕೈಗೆ ಬಂತು? ಉತ್ತರಕ್ಕೆ ಮೊದಲು ಅವರು ನಕ್ಕರೆ, ಆಫರ್ ಲೆಟರ್ ಅನ್ನು ಇನ್ನೊಂದು ಸಲ ಓದಿ.