ಮಗು ಬಂದ ಮೇಲಿನ ಎರಡು ಗಂಟೆ

ಎಎನ್‌ಎಂ, ಅಂದರೆ ಹೆರಿಗೆ ಮಾಡಿಸುವ ನರ್ಸ್ ತರಬೇತಿ ಮುಗಿಸಿ ನಾನು ಮೊದಲು ಸೇರಿದ್ದು ಮೂಡಿಗೆರೆ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ. ಸುತ್ತ ಕಾಫಿ ತೋಟ. ಹೆರಿಗೆಗೆ ಬರುತ್ತಿದ್ದವರು ಜಾಸ್ತಿ ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ ಹೆಂಗಸರು.

ಆಷಾಢದ ಒಂದು ರಾತ್ರಿ ತೋಟದ ಜೀಪಿನಲ್ಲಿ ಒಬ್ಬಳು ಬಂದಳು. ಮೂರನೇ ಹೆರಿಗೆ, ಸಲೀಸಾಗಿ ಆಯಿತು. ಮಗು ಬಂದ ತಕ್ಷಣ, ಗರ್ಭಕೋಶ ಕುಗ್ಗಲಿ ಅಂತ ಕೊಡುವ ಆಕ್ಸಿಟೋಸಿನ್ 10 ಯೂನಿಟ್ ಕೊಟ್ಟಿದ್ದೆ. ಮಾಸು ಪೂರ್ತಿ ಬಿತ್ತು. ಇನ್ನೇನು ಭಯ ಇಲ್ಲ ಅಂದುಕೊಂಡು ಮಗುವಿನ ತೂಕ ನೋಡಲು ಆ ಕಡೆ ತಿರುಗಿದೆ.

"ಸಿಸ್ಟರ್, ಕಣ್ಣು ಕತ್ತಲೆ ಬರ್ತಿದೆ" ಅಂದಳು.

ಕರೆಂಟ್ ಇರಲಿಲ್ಲ. ಟಾರ್ಚ್ ಹಾಕಿದರೆ ಸೊಂಟದ ಕೆಳಗಿನ ಬಟ್ಟೆಯೆಲ್ಲ ರಕ್ತ. ಹೊಟ್ಟೆ ಮುಟ್ಟಿದೆ. ಗರ್ಭಕೋಶ ಮೆತ್ತಗಿತ್ತು, ಮೇಲಕ್ಕೆದ್ದು ಒಂದು ಪಕ್ಕಕ್ಕೆ ವಾಲಿತ್ತು. ಆಗ ಹೊಳೆಯಿತು, ಅವಳು ಮನೆ ಬಿಟ್ಟಾಗಿನಿಂದ ಮೂತ್ರಕ್ಕೇ ಹೋಗಿರಲಿಲ್ಲ. ನಾನೂ ಕೇಳಿರಲಿಲ್ಲ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಸರಿಯಾಗಿ ಕುಗ್ಗುವುದಿಲ್ಲ, ರಕ್ತ ನಿಲ್ಲುವುದಿಲ್ಲ. ಒಂದು ಕೈಯಲ್ಲಿ ಹೊಟ್ಟೆ ಉಜ್ಜುತ್ತಾ ಆಯಾನ ಕೂಗಿದೆ. ಕೆಥೆಟರ್ ಹಾಕಿ ಮೂತ್ರ ತೆಗೆದೆವು, ಡ್ರಿಪ್ ಹಾಕಿದೆವು. ಗರ್ಭಕೋಶ ನನ್ನ ಅಂಗೈ ಕೆಳಗೇ ನಿಧಾನಕ್ಕೆ ಗಟ್ಟಿಯಾಯಿತು. ಅದೇ ಜೀಪಿನಲ್ಲಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ನಾನು ಕೈ ತೆಗೆಯಲಿಲ್ಲ. ಅವಳು ಉಳಿದಳು. ತಪ್ಪು ನನ್ನದೇ ಆಗಿತ್ತು.

ಮುಂದೆ ಹಾಸನದಲ್ಲಿ ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳಲು ಶುರು ಮಾಡಿದೆ. ಹೆರಿಗೆ ಆದ ಮೇಲೆ 500 ಎಂಎಲ್‌ಗಿಂತ ಜಾಸ್ತಿ ರಕ್ತ ಹೋದರೆ ಅದು ಅತಿ ರಕ್ತಸ್ರಾವ ಅಂತ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಆದರೆ 500 ಎಂಎಲ್ ಬಟ್ಟೆಯ ಮೇಲೆ ಹೇಗೆ ಕಾಣುತ್ತದೆ? ಅದು ಪುಸ್ತಕದಿಂದ ಬರುವುದಿಲ್ಲ. ಹಾಗಾಗಿ ನೀರಿಗೆ ಕುಂಕುಮ ಕಲಸಿ, ಅಳತೆ ಜಾರಿನಲ್ಲಿ ಅರ್ಧ ಲೀಟರ್ ಅಳೆದು, ಅವರು ನೋಡದ ಹಾಗೆ ಹಳೆಯ ಕಾಟನ್ ಸೀರೆಯ ಮೇಲೆ ಸುರಿಯುತ್ತೇನೆ. ಎಷ್ಟಿದೆ ಹೇಳಿ ಅಂದರೆ ಬಹಳ ಜನ 200, 250 ಅನ್ನುತ್ತಾರೆ. ಬಟ್ಟೆ ರಕ್ತ ಕುಡಿದು ಮುಚ್ಚಿಡುತ್ತದೆ, ಅಲ್ವಾ? ಕೆಲಸ ಕಲಿತ ಸಿಸ್ಟರ್‌ಗಳೂ ಕಮ್ಮಿಯೇ ಹೇಳುತ್ತಾರೆ.

ಆಮೇಲೆ ಕೈಯ ಪಾಠ. ಮೊದಲ ಎರಡು ಗಂಟೆ, 15 ನಿಮಿಷಕ್ಕೊಮ್ಮೆ: ಹೊಟ್ಟೆ ಮುಟ್ಟು, ಪ್ಯಾಡ್ ನೋಡು, ನಾಡಿ ಹಿಡಿ, ಬಿಪಿ ನೋಡು. ಮೂತ್ರಕ್ಕೆ ಹೋದೆಯಾ ಅಂತ ಬಾಯಿಬಿಟ್ಟು ಕೇಳು. ಈ ಕೊನೆಯದನ್ನು ನಾನು ಪ್ರತಿ ಬ್ಯಾಚಿಗೂ ಎರಡು ಸಲ ಹೇಳುತ್ತೇನೆ, ಯಾಕೆ ಅಂತಲೂ ಹೇಳುತ್ತೇನೆ.