ಇಪ್ಪತ್ತು ವರ್ಷದಿಂದ ಓಡುತ್ತಿರುವ ಗೇಮ್‌ಗೆ ರಿವ್ಯೂ ಬರೆಯೋದು ಹೇಗೆ?

ಸಿಂಗಲ್ ಪ್ಲೇಯರ್ ಗೇಮ್ ಆದರೆ ರಿವ್ಯೂ ಬರೆಯೋದು ಸುಲಭ. ತಗೊಂಡಿರಿ, ಆಡಿ ಮುಗಿಸಿದಿರಿ, ಅನ್ನಿಸಿದ್ದನ್ನು ಬರೆದಿರಿ. ಸಾವಿರಾರು ಜನ ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ ಈ ಲೆಕ್ಕ ನಡೆಯೋದಿಲ್ಲ. 2004ರ ನವೆಂಬರ್‌ನಲ್ಲಿ ಬಂದ ಗೇಮ್ ಇದು. 2024ರಲ್ಲಿ ಬಂದ 'ದಿ ವಾರ್ ವಿದಿನ್' ಇದರ ಹತ್ತನೇ ಎಕ್ಸ್‌ಪಾನ್ಷನ್, ಅಂದರೆ ಗೇಮ್‌ಗೆ ಸೇರಿಸಿದ ದೊಡ್ಡ ಹೊಸ ಭಾಗ. ಮುಗಿಯೋದು ಅಂತ ಇದರಲ್ಲಿ ಏನೂ ಇಲ್ಲ. ಹಾಗಾಗಿ ಇಡೀ ಗೇಮ್‌ಗೆ ತೀರ್ಪು ಕೊಡುವ ಆಸೆ ಬಿಟ್ಟುಬಿಡಿ. ಇಂಥ ಹೊತ್ತಿನಲ್ಲಿ, ಇಂಥ ರೀತಿಯಲ್ಲಿ ಆಡಿದವರಿಗೆ ಇದರಿಂದ ಏನು ಸಿಕ್ಕಿತು ಅನ್ನೋದನ್ನು ಮಾತ್ರ ಬರೆಯಲು ಸಾಧ್ಯ, ಅಷ್ಟು ಬರೆದರೆ ಸಾಕು ಕೂಡ.

ಮೊದಲು ಯಾವ ವಾರ್‌ಕ್ರಾಫ್ಟ್ ಅಂತ ಹೇಳಿ. ಒಂದೇ ಸಬ್‌ಸ್ಕ್ರಿಪ್ಷನ್‌ಗೆ ಹಲವು ಗೇಮ್‌ಗಳು ಸಿಗುತ್ತವೆ. ಈಗಿನದ್ದನ್ನು ಆಡುವವರು 'ರಿಟೇಲ್' ಅಂತಾರೆ. 2019ರ ಆಗಸ್ಟ್‌ನಲ್ಲಿ ಶುರುವಾದ 'ಕ್ಲಾಸಿಕ್' ಹಳೆಯದನ್ನು ಮತ್ತೆ ಆಡಲು ಕೊಡುತ್ತದೆ. ರಿಟೇಲ್ ಒಳಗೆ ನಿಂತು 2004ರ ಜಗತ್ತನ್ನು ಹುಡುಕಿದರೆ ಸಿಗಲ್ಲ. 2010ರ ಡಿಸೆಂಬರ್‌ನಲ್ಲಿ ಬಂದ 'ಕ್ಯಾಟಕ್ಲಿಸಮ್' ಎಕ್ಸ್‌ಪಾನ್ಷನ್ ಹಳೆಯ ಎರಡು ಖಂಡಗಳನ್ನು ಒಡೆದು ಹೊಸದಾಗಿ ಕಟ್ಟಿತು. ಬ್ಯಾರೆನ್ಸ್ ಬಯಲು ನಡುವೆ ಸೀಳಿತು, ಥೌಸಂಡ್ ನೀಡಲ್ಸ್ ಕಣಿವೆಗೆ ನೀರು ನುಗ್ಗಿ ಮುಳುಗಿಹೋಯಿತು. ನೀವು 'ಹಳೆಯ ಜಾಗಗಳು ಚೆನ್ನಾಗಿವೆ' ಅಂತ ಬರೆದರೆ ಓದುವವನಿಗೆ ಯಾವ ಹಳೆಯದು ಅಂತ ತಿಳಿಯಬೇಕಲ್ವಾ?

ಲೆವೆಲ್ ಸಂಖ್ಯೆಯದ್ದೂ ಇದೇ ಕಥೆ. 2004ರಲ್ಲಿ ಲೆವೆಲ್ 60 ಅಂದರೆ ತುದಿ, ಅಲ್ಲಿಗೆ ಮುಟ್ಟಲು ತಿಂಗಳುಗಟ್ಟಲೆ ಬೇಕಿತ್ತು. ಆಮೇಲೆ ಎಕ್ಸ್‌ಪಾನ್ಷನ್‌ಗಳ ಜೊತೆ 120ರವರೆಗೆ ಏರಿತು. 2020ರ ಅಕ್ಟೋಬರ್‌ನಲ್ಲಿ ಎಲ್ಲರನ್ನೂ ಇಳಿಸಿ 120 ಇದ್ದವರನ್ನು 50 ಮಾಡಿದರು, 'ಶಾಡೋಲ್ಯಾಂಡ್ಸ್' ಎಕ್ಸ್‌ಪಾನ್ಷನ್ ಬಂದಾಗ ತುದಿ ಮತ್ತೆ 60 ಆಯಿತು. ಸುಮ್ನೆ 'ಲೆವೆಲ್ 60ಕ್ಕೆ ಹೋದೆ' ಅಂದರೆ ಅದು ದೊಡ್ಡ ಸಾಹಸವೂ ಆಗಬಹುದು, ಒಂದು ವಾರಾಂತ್ಯದ ಕೆಲಸವೂ ಆಗಬಹುದು.

ರಿವ್ಯೂ ತಲೆಯ ಮೇಲೆ ತಿಂಗಳು, ವರ್ಷ, ಪ್ಯಾಚ್ (ಗೇಮ್‌ಗೆ ಆಗಾಗ ಬರುವ ಅಪ್‌ಡೇಟ್) ನಂಬರ್ ಹಾಕಿ. ಇದು ಒಣ ಶಿಸ್ತು ಅನ್ನಿಸಬಹುದು, ಆದರೆ ಅರ್ಧ ಜಗಳ ಇದರಿಂದಲೇ ತಪ್ಪುತ್ತದೆ. ಶಾಡೋಲ್ಯಾಂಡ್ಸನ್ನೇ ತಗೊಳ್ಳಿ. 2020ರ ನವೆಂಬರ್‌ನಲ್ಲಿ ಬಂತು. ಅದರಲ್ಲಿ 'ಕವನೆಂಟ್' ಅಂತ ನಾಲ್ಕು ಬಣಗಳು. ಒಂದನ್ನು ಆರಿಸಿಕೊಂಡರೆ ಆ ಬಣದ ಶಕ್ತಿ, ಕಥೆ, ಬಟ್ಟೆಬರೆ ನಿಮ್ಮದು. ಬಿಟ್ಟು ಹೋಗಬಹುದು, ಆದರೆ ಬಿಟ್ಟ ಬಣಕ್ಕೆ ವಾಪಸ್ ಬರಬೇಕಾದರೆ ಅವರ ಮನವೊಲಿಸುವ ಕೆಲಸ ಮಾಡಿ ಕಾಯಬೇಕು. ಕಥೆ ಚೆನ್ನಾಗಿದೆ ಅಂತ ಒಂದು ಬಣ ಸೇರಿದವನಿಗೆ, ರೇಡ್‌ಗೆ (ಹತ್ತಾರು ಜನ ಸೇರಿ 'ಬಾಸ್' ಅನ್ನುವ ದೊಡ್ಡ ಶತ್ರುಗಳನ್ನು ಹೊಡೆಯುವ ಆಟ) ಬೇಕಾದ ಶಕ್ತಿ ಇನ್ನೊಂದು ಬಣದಲ್ಲಿದೆ ಅಂತ ಆಮೇಲೆ ಗೊತ್ತಾಗಿ ತಲೆ ಚಚ್ಚಿಕೊಳ್ಳಬೇಕು. ಮೊದಲ ದೊಡ್ಡ ಪ್ಯಾಚ್ 9.1 ಬಂದದ್ದು 2021ರ ಜೂನ್ ಕೊನೆಗೆ, ಅಂದರೆ ಏಳು ತಿಂಗಳ ನಂತರ. ನವೆಂಬರ್‌ನ 9.1.5ರಲ್ಲಿ ಬಣ ಬದಲಿಸಲು ಇದ್ದ ಆ ತಡೆಯನ್ನು ತೆಗೆದರು. 2020ರ ಡಿಸೆಂಬರ್‌ನಲ್ಲಿ ಬೈದು ಬರೆದವನೂ ಸರಿ, ಒಂದು ವರ್ಷ ಬಿಟ್ಟು ಬಂದು 'ಅಷ್ಟೇನೂ ಕೆಟ್ಟದಿಲ್ಲವಲ್ಲ' ಅಂದವನೂ ಸರಿ. ದಿನಾಂಕ ಇಲ್ಲದಿದ್ದರೆ ಇಬ್ಬರೂ ಸುಳ್ಳುಗಾರರ ಹಾಗೆ ಕಾಣುತ್ತಾರೆ.

ಇನ್ನು, ಆಡಿದವರು ಯಾರು. ನಿಮ್ಮ ಜಾತಕ ಬೇಡ, ನಾಲ್ಕು ವಿಷಯ ಸಾಕು: ಹೊಸಬರಾ ಹಳಬರಾ, ಒಬ್ಬರೇ ಆಡುತ್ತೀರಾ ಗಿಲ್ಡ್ (ಆಟಗಾರರ ಸಂಘ) ಇದೆಯಾ, ಯಾವ ಕ್ಲಾಸ್ (ಯೋಧ, ಮಂತ್ರವಾದಿ ಥರದ ಪಾತ್ರ), ಯಾವ ಊರಿನಿಂದ. ಹೊಸಬರು 'ಎಕ್ಸೈಲ್ಸ್ ರೀಚ್' ಅನ್ನುವ ಪುಟ್ಟ ದ್ವೀಪದಲ್ಲಿ ಶುರು ಮಾಡಿ, ಹತ್ತನೇ ಲೆವೆಲ್ ಹೊತ್ತಿಗೆ ಹೊರಗೆ ಬಂದು, ನೇರ ಯಾವುದೋ ನಡುವಿನ ಎಕ್ಸ್‌ಪಾನ್ಷನ್‌ಗೆ ಹೋಗಿ ಬೀಳುತ್ತಾರೆ. ಅಲ್ಲಿ ಎಲ್ಲರೂ ನಿಮ್ಮನ್ನು 'ಚಾಂಪಿಯನ್' ಅಂತ ಕರೆಯುತ್ತಾರೆ, ನಿಮಗೆ ಒಬ್ಬರ ಹೆಸರೂ ಗೊತ್ತಿರಲ್ಲ. ಹಳಬರು ಇದನ್ನು ಗಮನಿಸುವುದೇ ಇಲ್ಲ, ಯಾಕೆಂದರೆ ಅವರಿಗೆ ಎಲ್ಲರೂ ಪರಿಚಯ. ನೀವು ಹಳಬರಾಗಿದ್ದರೆ ಹೊಸ ಕ್ಯಾರೆಕ್ಟರ್ ಒಂದನ್ನು ಆ ದ್ವೀಪದಿಂದ ಎಬ್ಬಿಸಿಕೊಂಡು ಬನ್ನಿ, ಲೆವೆಲ್ 20ರ ತನಕ ದುಡ್ಡೂ ಕೊಡಬೇಕಿಲ್ಲ. ಹೊಸಬರಿಗೆ ಏನು ಕಾಣುತ್ತದೆ ಅಂತ ನೋಡಲು ಬೇರೆ ದಾರಿಯಿಲ್ಲ.

ಊರು ಯಾಕೆ ಅಂದರೆ, ಭಾರತದಲ್ಲಿ ಈ ಗೇಮ್‌ಗೆ ಸರ್ವರ್ ಇಲ್ಲ. ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಕೂತು ಯುರೋಪ್ ಸರ್ವರ್‌ನಲ್ಲಿ ಆಡುವವರಿಗೆ ಪಿಂಗ್, ಅಂದರೆ ಸರ್ವರ್‌ಗೆ ಸುದ್ದಿ ಹೋಗಿ ಬರುವ ಸಮಯ, ಜಾಸ್ತಿ. ಅದೃಷ್ಟಕ್ಕೆ ಇದು ಶೂಟಿಂಗ್ ಗೇಮ್ ಅಲ್ಲ. ಹೆಚ್ಚಿನ ಕ್ಲಾಸ್‌ಗಳಲ್ಲಿ ಒಂದು ಏಟು ಹೊಡೆದ ಮೇಲೆ ಇನ್ನೊಂದಕ್ಕೆ ಸುಮಾರು ಒಂದೂವರೆ ಸೆಕೆಂಡ್ ಕಾಯಬೇಕು, ಅದರಲ್ಲಿ ಪಿಂಗ್ ಕರಗಿಹೋಗುತ್ತದೆ. ಕಷ್ಟ ಆಗೋದು ಶತ್ರುವಿನ ಮಂತ್ರವನ್ನು ಸರಿಯಾದ ಕ್ಷಣಕ್ಕೆ ತಡೆಯುವಾಗ, ಕಾಲಡಿ ಬೆಂಕಿ ಬಿದ್ದಾಗ ಪಕ್ಕಕ್ಕೆ ಸರಿಯುವಾಗ. ಅದಕ್ಕಿಂತ ದೊಡ್ಡ ಕಷ್ಟ ಗಡಿಯಾರದ್ದು. ಜರ್ಮನಿಯವರ ಗಿಲ್ಡ್ ರಾತ್ರಿ 8ಕ್ಕೆ ರೇಡ್ ಇಟ್ಟರೆ ನಮಗೆ ಬೇಸಿಗೆಯಲ್ಲಿ ರಾತ್ರಿ 11:30, ಚಳಿಗಾಲದಲ್ಲಿ 12:30. ಕನ್ನಡದಲ್ಲಿ ಓದುವವರಿಗೆ ಬಾಸ್‌ನ ವಿನ್ಯಾಸಕ್ಕಿಂತ ಈ ಒಂದು ಸಾಲು ಜಾಸ್ತಿ ಉಪಯೋಗ ಅಂತ ನನ್ನ ಅಭಿಪ್ರಾಯ. ಒಬ್ಬರೇ ಆಡುವವರಿಗೆ ಏನಿದೆ ಅನ್ನೋದೂ ಅಷ್ಟೇ ಮುಖ್ಯ. ವಾರ್ ವಿದಿನ್‌ನಲ್ಲಿ ಬಂದ 'ಡೆಲ್ವ್' ಅನ್ನುವ ಪುಟ್ಟ ಸಾಹಸಗಳಿಗೆ ಒಬ್ಬರೇ ಹೋಗಬಹುದು, ಬ್ರಾನ್ ಬ್ರಾಂಜ್‌ಬಿಯರ್ಡ್ ಅನ್ನುವ ಕುಳ್ಳ ಜೊತೆಗೆ ಬರುತ್ತಾನೆ. ಮಧ್ಯರಾತ್ರಿ ರೇಡ್ ಆಗದವರಿಗೆ ಇದೇ ಎಕ್ಸ್‌ಪಾನ್ಷನ್‌ನ ಮುಖ್ಯ ಸುದ್ದಿ.

ಈಗ ಅಸಲಿ ವಿಷಯ. ಎಕ್ಸ್‌ಪಾನ್ಷನ್ ಒಂದನ್ನು ಮೊದಲ ವಾರ ನೋಡಿ ಮಾರ್ಕ್ಸ್ ಕೊಡೋದು, ಹಬ್ಬದ ದಿನ ಹಾಸ್ಟೆಲ್ ಮೆಸ್ಸಿನಲ್ಲಿ ಊಟ ಮಾಡಿ ಮೆಸ್ಸಿಗೆ ಮಾರ್ಕ್ಸ್ ಕೊಟ್ಟ ಹಾಗೆ. ಮೊದಲ ವಾರ ಎಲ್ಲವೂ ಚಂದ. ಹೊಸ ನೆಲ, ಹೊಸ ಸಂಗೀತ, ಎಲ್ಲಿ ನೋಡಿದರೂ ಜನ. ಮೂರು ಸಲ ನೋಡಬೇಕು: ಲೆವೆಲ್ ಏರುವಾಗ, ತುದಿ ಮುಟ್ಟಿ ಒಂದೆರಡು ತಿಂಗಳಾದಾಗ, ಮತ್ತೆ ಕೊನೆಯ ಪ್ಯಾಚ್ ಬಂದು ಮುಂದಿನದ್ದಕ್ಕೆ ಕಾಯುವ ಬರಗಾಲದಲ್ಲಿ.

ಇದಕ್ಕೆ 'ವಾರ್ಲಾರ್ಡ್ಸ್ ಆಫ್ ಡ್ರೇನೋರ್'ಗಿಂತ ಒಳ್ಳೆಯ ಉದಾಹರಣೆ ಇಲ್ಲ. 2014ರ ನವೆಂಬರ್‌ನಲ್ಲಿ ಬಂತು. ಆಗ ಲೆವೆಲ್ 90ರಿಂದ 100ಕ್ಕೆ ಹೋಗುತ್ತಿದ್ದ ದಾರಿ ಇವತ್ತಿಗೂ ಗೇಮ್‌ನ ಒಳ್ಳೆಯ ದಾರಿಗಳಲ್ಲಿ ಒಂದು. ನಿಮ್ಮದೇ ಒಂದು ಕೋಟೆ ಕೊಟ್ಟರು, ಹೆಸರು 'ಗ್ಯಾರಿಸನ್'. ಮೊದಲು ಖುಷಿಯೋ ಖುಷಿ. ಎರಡನೇ ತಿಂಗಳಲ್ಲಿ ಒಂದು ಸಂಜೆ ಹೇಗಿರುತ್ತಿತ್ತು ನೋಡಿ: ಲಾಗಿನ್ ಆಗಿ, ನಿಮ್ಮದೇ ಗಣಿಗೆ ಇಳಿದು ಅದಿರು ಅಗೆದು, ನಿಮ್ಮದೇ ತೋಟದಲ್ಲಿ ಗಿಡಮೂಲಿಕೆ ಕಿತ್ತು, ಮೇಜಿನ ಮೇಲಿನ ನಕ್ಷೆ ನೋಡಿ ನಿಮ್ಮ ಸೈನಿಕರನ್ನು ಕೆಲಸಕ್ಕೆ ಅಟ್ಟಿ, ನಿನ್ನೆ ಹೋದವರು ತಂದ ಪೆಟ್ಟಿಗೆ ತೆರೆದು, ಲಾಗೌಟ್. ಸಾಹಸಕ್ಕೆ ಹೋಗುವವರು ಸೈನಿಕರು, ನೀವು ಮೇಸ್ತ್ರಿ. ಕೋಟೆ ಗೋಡೆಯೊಳಗೆ ಇನ್ನೊಬ್ಬ ಆಟಗಾರನ ಮುಖ ಕಾಣದ ಆನ್‌ಲೈನ್ ಗೇಮ್. ಆಮೇಲೆ 6.1 ಪ್ಯಾಚ್‌ನಲ್ಲಿ ಸೆಲ್ಫಿ ಕ್ಯಾಮೆರಾ ಮತ್ತು ಟ್ವಿಟರ್ ಜೋಡಣೆ ಕೊಟ್ಟರು, ಜನ ಅದನ್ನು ಇನ್ನೂ ಆಡಿಕೊಂಡು ನಗುತ್ತಾರೆ. ಕೊನೆಯ ರೇಡ್ 2015ರ ಜೂನ್‌ನಲ್ಲಿ. ಮುಂದಿನ ಎಕ್ಸ್‌ಪಾನ್ಷನ್ 'ಲೀಜನ್' ಬಂದದ್ದು 2016ರ ಆಗಸ್ಟ್ ಕೊನೆಗೆ. ಅಷ್ಟೂ ತಿಂಗಳು ಹೊಸ ರೇಡ್ ಇಲ್ಲ. ಮೊದಲ ವಾರದಲ್ಲಿ ಬರೆದ ಹೊಗಳಿಕೆ ಸುಳ್ಳಲ್ಲ, ಆದರೆ ಅದನ್ನು ನಂಬಿ ದುಡ್ಡು ಕೊಟ್ಟವನು ಆಡಿದ್ದು ಬೇರೆಯೇ ಗೇಮ್.

ಹೊಸ ಸೌಲಭ್ಯ ಬಂದಾಗೆಲ್ಲ ಒಂದು ಪ್ರಶ್ನೆ ಕೇಳಿ: ಇದು ಈ ಎಕ್ಸ್‌ಪಾನ್ಷನ್ ಜೊತೆಗೇ ಸಾಯುತ್ತದಾ, ಉಳಿಯುತ್ತದಾ? ಲೀಜನ್ ಪ್ರತಿಯೊಂದು ಸ್ಪೆಷಲೈಸೇಷನ್‌ಗೂ (ಕ್ಲಾಸ್‌ನ ಒಳಪಂಗಡ) ಒಂದು ಆರ್ಟಿಫ್ಯಾಕ್ಟ್ ಆಯುಧ ಕೊಟ್ಟಿತು, ಒಟ್ಟು 36. ಆಶ್‌ಬ್ರಿಂಗರ್ ಕತ್ತಿಗಾಗಿ ವರ್ಷಗಟ್ಟಲೆ ಕನಸು ಕಂಡ ಪ್ಯಾಲಡಿನ್ ಕ್ಲಾಸ್‌ನವರಿಗೆ ಕೊನೆಗೂ ಅದು ಕೈಗೆ ಬಂತು. ಎರಡು ವರ್ಷ ಅದಕ್ಕೆ ಶಕ್ತಿ ತುಂಬಿಸಿದ್ದೇ ತುಂಬಿಸಿದ್ದು. 2018ರಲ್ಲಿ 'ಬ್ಯಾಟಲ್ ಫಾರ್ ಅಜೆರಾತ್' ಬರುವ ಹೊತ್ತಿಗೆ ಆ ಶಕ್ತಿಯೆಲ್ಲ ಖಾಲಿ, ಕತ್ತಿ ಶೋಕಿಗೆ ಮಾತ್ರ. ಅದರ ಜಾಗಕ್ಕೆ ಕೊರಳಿಗೊಂದು ಸರ ಬಂತು, ಎರಡು ವರ್ಷಕ್ಕೆ ಅದೂ ಹೋಯಿತು. ಆಟಗಾರರು ಇದನ್ನು 'ಬಾರೋಡ್ ಪವರ್' (ಎರವಲು ಶಕ್ತಿ) ಅಂತ ಬೈಯುತ್ತಾರೆ. ಅದೇ ಲೀಜನ್ ತಂದ 'ಮಿಥಿಕ್ ಪ್ಲಸ್' ಡಂಜನ್‌ಗಳು (ಐದು ಜನ ಸೇರಿ ಗಡಿಯಾರದ ವಿರುದ್ಧ ಆಡುವ, ಗೆದ್ದಷ್ಟೂ ಕಠಿಣವಾಗುವ ನೆಲಮಾಳಿಗೆಗಳು) ಇವತ್ತಿಗೂ ಗೇಮ್‌ನ ಬೆನ್ನೆಲುಬು. ಒಂದೇ ಎಕ್ಸ್‌ಪಾನ್ಷನ್, ಎರಡು ಗತಿ.

2022ರ ನವೆಂಬರ್‌ನ 'ಡ್ರ್ಯಾಗನ್‌ಫ್ಲೈಟ್' ತಂದ ಹಾರಾಟವೂ ಉಳಿಯಿತು. ಅದಕ್ಕೂ ಮುಂಚೆ ಹಾರೋದು ಅಂದರೆ ಮೇಲೆ ಹೋಗಿ, ಮೂತಿ ತಿರುಗಿಸಿ, ಆಟೋ ರನ್ ಒತ್ತಿ, ಕಾಫಿ ಮಾಡಲು ಎದ್ದು ಹೋಗೋದು. ಡ್ರ್ಯಾಗನ್‌ಫ್ಲೈಟ್‌ನಲ್ಲಿ ಮೂತಿ ಕೆಳಗೆ ಮಾಡಿದರೆ ವೇಗ ಏರುತ್ತದೆ, ಮೇಲೆತ್ತಿದರೆ ಇಳಿಯುತ್ತದೆ. ರೆಕ್ಕೆ ಬಡಿಯಲು ಆಗ 'ವಿಗರ್' ಅನ್ನುವ ಶಕ್ತಿ ಬೇಕಿತ್ತು, ಅದು ಖರ್ಚಾದರೆ ತೇಲುತ್ತಾ ನೆಲ ಸೇರಬೇಕಿತ್ತು. ಬೆಟ್ಟದ ತುದಿಯಿಂದ ಧುಮುಕಿ, ಮರಗಳ ನೆತ್ತಿ ಸವರಿಕೊಂಡು ಹೋಗಿ, ಆ ವೇಗದಲ್ಲೇ ಇನ್ನೊಂದು ಗುಡ್ಡ ಏರಿದಾಗ, ಕ್ವೆಸ್ಟ್‌ಗೆ (ಗೇಮ್ ಕೊಡುವ ಕೆಲಸ) ಹೋಗುವ ದಾರಿಯೇ ಆಟ ಆಗಿಬಿಡುತ್ತದೆ. ರಿವ್ಯೂನಲ್ಲಿ 'ಹಾರಾಟ ಚೆನ್ನಾಗಿದೆ' ಅಂತ ಬರೆಯಬೇಡಿ. ಯಾವ ಕೀ ಒತ್ತಿದರೆ ಏನಾಯಿತು, ಕೈಗೆ ಏನನ್ನಿಸಿತು ಅಂತ ಬರೆಯಿರಿ.

ಸೌಲಭ್ಯ ಒಂದು ಏನು ಕೊಟ್ಟಿತು ಅನ್ನುವಾಗ ಏನು ಕಿತ್ತುಕೊಂಡಿತು ಅಂತಲೂ ನೋಡಿ. 2009ರ ಡಿಸೆಂಬರ್‌ವರೆಗೆ ಡಂಜನ್‌ಗೆ ಹೋಗಬೇಕಾದರೆ ಪಟ್ಟಣದಲ್ಲಿ ನಿಂತು ಚಾಟ್‌ನಲ್ಲಿ ಕೂಗಿ ಟ್ಯಾಂಕ್ (ಶತ್ರುವಿನ ಏಟು ತಡೆದುಕೊಳ್ಳುವವನು) ಹುಡುಕಿ, ತಂಡದ ಕೆಲವರಾದರೂ ಬಾಗಿಲ ತನಕ ಹೋಗಬೇಕಿತ್ತು. ಡಂಜನ್ ಫೈಂಡರ್ ಬಂದ ಮೇಲೆ ಒಂದು ಬಟನ್, ಬೇರೆ ಸರ್ವರ್‌ನ ನಾಲ್ಕು ಅಪರಿಚಿತರು, ಮುಗಿದ ಮೇಲೆ ಟಾಟಾ ಕೂಡ ಇಲ್ಲ. 'ರಾತ್ ಆಫ್ ದಿ ಲಿಚ್ ಕಿಂಗ್' 2022ರಲ್ಲಿ ಕ್ಲಾಸಿಕ್ ಆಗಿ ಮತ್ತೆ ಬಂದಾಗ ಈ ಬಟನ್ ಇರಲಿಲ್ಲ, ಜನ ಅದಕ್ಕೂ ಜಗಳ ಆಡಿದರು, ಆಮೇಲೆ ತಂದರು. ನನಗಂತೂ ಬಟನ್ ಬೇಕು, ಸಂಜೆ ಸಿಗೋದೇ ಸ್ವಲ್ಪ ಹೊತ್ತು.

ಅಂಕಿಅಂಶದ ವಿಷಯದಲ್ಲಿ ಜೋಪಾನ. 2010ರಲ್ಲಿ 1.2 ಕೋಟಿ ಸಬ್‌ಸ್ಕ್ರೈಬರ್‌ಗಳು ಅಂತ ಗೇಮ್ ಮಾಡಿದ ಕಂಪನಿ ಬ್ಲಿಜಾರ್ಡ್ ಹೇಳಿತು. ಡ್ರೇನೋರ್ ಬಂದಾಗ ಒಂದು ಕೋಟಿ ದಾಟಿದ್ದು 2015ರ ಮಧ್ಯಕ್ಕೆ 56 ಲಕ್ಷಕ್ಕೆ ಇಳಿಯಿತು, ಅದೇ ವರ್ಷದ ಕೊನೆಗೆ ಸಂಖ್ಯೆ ಹೇಳುವುದನ್ನೇ ನಿಲ್ಲಿಸಿದರು. ಅದರ ನಂತರದ ಯಾವ ಎಕ್ಸ್‌ಪಾನ್ಷನ್‌ಗೂ 'ಜನ ಇಷ್ಟು ಇಳಿದರು' ಅಂತ ಖಡಾಖಂಡಿತವಾಗಿ ಬರೆಯಬೇಡಿ.

ದುಡ್ಡಿನ ಲೆಕ್ಕ ಮಾತ್ರ ಬಿಡಿಸಿ ಹೇಳಿ. ತಿಂಗಳ ಸಬ್‌ಸ್ಕ್ರಿಪ್ಷನ್ ಅಮೆರಿಕದಲ್ಲಿ 14.99 ಡಾಲರ್. ಹಳೆಯ ಎಕ್ಸ್‌ಪಾನ್ಷನ್‌ಗಳು ಅದರಲ್ಲೇ ಬರುತ್ತವೆ, ಹೊಸದನ್ನು ಬೇರೆ ಕೊಳ್ಳಬೇಕು. 2015ರಿಂದ 'ಟೋಕನ್' ಅಂತ ಒಂದಿದೆ: ಒಬ್ಬರು ದುಡ್ಡು ಕೊಟ್ಟು ಕೊಂಡು ಗೇಮ್ ಒಳಗಿನ ಚಿನ್ನಕ್ಕೆ ಮಾರುತ್ತಾರೆ, ಕೊಂಡವರು ಅದನ್ನು 30 ದಿನದ ಆಟಕ್ಕೆ ಬಳಸುತ್ತಾರೆ. ಅಂಥ ಚಿನ್ನ ದುಡಿಯಲು ಎಷ್ಟು ಹೊತ್ತು ಬೇಕು ಅನ್ನೋದನ್ನು ನೀವೇ ಆಡಿ ನೋಡಿ ಬರೆಯಿರಿ.

ದೊಡ್ಡ ಪ್ಯಾಚ್ ಬಂದಾಗ ಹಳೆಯ ರಿವ್ಯೂ ತಿದ್ದಲು ಹೋಗಬೇಡಿ, ಕೆಳಗೆ ದಿನಾಂಕ ಹಾಕಿ ಒಂದು ಪ್ಯಾರಾ ಸೇರಿಸಿ. ಕಥೆಯ ಬಗ್ಗೆ ಬರೆಯುವಾಗಲಂತೂ ಅವಸರ ಬೇಡ. 2023ರ ನವೆಂಬರ್‌ನಲ್ಲಿ ವಾರ್ ವಿದಿನ್, ಮಿಡ್‌ನೈಟ್, ದಿ ಲಾಸ್ಟ್ ಟೈಟನ್ ಅಂತ ಮೂರು ಎಕ್ಸ್‌ಪಾನ್ಷನ್‌ಗಳನ್ನು ಒಂದೇ ಕಥೆಯ ಮೂರು ಭಾಗ ಅಂತ ಘೋಷಿಸಿದರು. ವಾರ್ ವಿದಿನ್‌ನ ರೇಡ್, ಡೆಲ್ವ್, ನಕ್ಷೆ ಯಾವುದಕ್ಕೆ ಬೇಕಾದರೂ ಮಾರ್ಕ್ಸ್ ಕೊಡಿ, ಕಥೆಯ ಕಾಲಂ ಮಾತ್ರ ಮೂರನೆಯದು ಬರುವ ತನಕ ಖಾಲಿ ಬಿಡಿ.